ಓ. ಹೆನ್ರಿಯ ಕ್ರಿಸ್‌ಮಸ್ ಪ್ರೇಮಕಥೆ: ಗಡುವಿಗೆ ಗೀಚಿದ್ದೋ, ಅಥೋಲ್‌ಳ ನೆನಪೋ?

ಮುಂಗಾರು_ಮೋಡ:
ಓ. ಹೆನ್ರಿಯ ‘ದಿ ಗಿಫ್ಟ್ ಆಫ್ ದಿ ಮೇಜೈ’ ಓದದವರು ಇಲ್ಲಿ ಕಡಿಮೆ. ಕ್ರಿಸ್‌ಮಸ್‌ನ ಹಿಂದಿನ ದಿನ ಡೆಲ್ಲಾ ತನ್ನ ಉದ್ದ ಕೂದಲು ಮಾರಿ ಗಂಡನ ಗಡಿಯಾರಕ್ಕೆ ಸರಪಳಿ ತರುತ್ತಾಳೆ. ಗಂಡ ಜಿಮ್ ಆ ಗಡಿಯಾರವನ್ನೇ ಮಾರಿ ಅವಳ ಕೂದಲಿಗೆ ಬಾಚಣಿಗೆ ತಂದಿರುತ್ತಾನೆ.

ನನ್ನ ತಕರಾರು ಕಥೆಯ ಬಗ್ಗೆ ಅಲ್ಲ, ಪ್ರತಿ ಡಿಸೆಂಬರ್‌ನಲ್ಲೂ ಅದರ ಬಗ್ಗೆ ಬರುವ ಲೇಖನಗಳ ಬಗ್ಗೆ. ಎಲ್ಲದರಲ್ಲೂ ಒಂದೇ ಮಾತು: ಪತ್ರಿಕೆಯವರು ತಲೆ ಮೇಲೆ ಕೂತಿದ್ದರು, ಪುಣ್ಯಾತ್ಮ ಬಾರಿನಲ್ಲಿ ಕೂತು ಎರಡು ಮೂರು ಗಂಟೆಯಲ್ಲಿ ಬರೆದು ಬಿಸಾಕಿದ. ನಾನು ಈಚೆಗೆ ಆತನ ಜೀವನಚರಿತ್ರೆ ಓದಿದೆ. ಮೊದಲ ಹೆಂಡತಿ ಅಥೋಲ್ ವಿಷಯ ಗೊತ್ತಿದ್ದವರು ಈ ಮಾತು ಅಷ್ಟು ಸಲೀಸಾಗಿ ಹೇಳಲಾರರು ಅನ್ನಿಸಿತು. ನೀವೇನಂತೀರಿ?

ಅರ್ಧ_ಕಪ್_ಕಾಫಿ:
ಅಥೋಲ್ ಯಾರು? ಪೀಠಿಕೆ ಹಾಕಿ ಹೊರಟುಬಿಟ್ಟರೆ ಹೇಗೆ ಮಾರಾಯ್ರೆ, ಪೂರ್ತಿ ಹೇಳಿ.

ಮುಂಗಾರು_ಮೋಡ:
ಸರಿ, ಸ್ವಲ್ಪ ಉದ್ದ ಆಗುತ್ತೆ.

ಓ. ಹೆನ್ರಿಯ ನಿಜವಾದ ಹೆಸರು ವಿಲಿಯಂ ಸಿಡ್ನಿ ಪೋರ್ಟರ್. ಹುಟ್ಟಿದ್ದು 1862ರಲ್ಲಿ, ಅಮೆರಿಕದ ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋದಲ್ಲಿ. ಮೂರು ವರ್ಷದವನಿದ್ದಾಗ ತಾಯಿ ಕ್ಷಯದಿಂದ ತೀರಿಕೊಂಡಳು. ಚಿಕ್ಕಪ್ಪನ ಔಷಧಿ ಅಂಗಡಿಯಲ್ಲಿ ಕೆಲಸ ಕಲಿತ, ಆಮೇಲೆ ಟೆಕ್ಸಾಸ್‌ಗೆ ಹೋದ. ಆಸ್ಟಿನ್‌ನಲ್ಲಿ ಅಥೋಲ್ ಎಸ್ಟೆಸ್ ಸಿಕ್ಕಳು. ಅವಳ ಮನೆಯಲ್ಲೂ ಕ್ಷಯ ಇತ್ತು, ಅದಕ್ಕೇ ತಾಯಿ ಮದುವೆಗೆ ಒಪ್ಪಲಿಲ್ಲ. 1887ರಲ್ಲಿ ಇಬ್ಬರೂ ಓಡಿಹೋಗಿ ಮದುವೆಯಾದರು. ಮೊದಲ ಗಂಡು ಮಗು ಹುಟ್ಟಿದ ಕೆಲವೇ ಗಂಟೆಯಲ್ಲಿ ಹೋಯಿತು. 1889ರಲ್ಲಿ ಮಗಳು ಮಾರ್ಗರೆಟ್ ಹುಟ್ಟಿದಳು.

ಆಮೇಲೆ ಆತ ಬ್ಯಾಂಕಿನಲ್ಲಿ ಟೆಲ್ಲರ್ ಆದ. ಲೆಕ್ಕದಲ್ಲಿ ಹಣ ಕಡಿಮೆ ಬಂತು, ಕೇಸ್ ಆಯಿತು. 1896ರ ಜುಲೈನಲ್ಲಿ ಕೋರ್ಟಿಗೆ ಹೋಗಬೇಕಾದವನು ನ್ಯೂ ಆರ್ಲಿಯನ್ಸ್‌ಗೆ ತಪ್ಪಿಸಿಕೊಂಡ, ಅಲ್ಲಿಂದ ಹಡಗು ಹತ್ತಿ ಹೊಂಡುರಾಸ್ ಸೇರಿದ. ಕಾಯಿಲೆ ಬಿದ್ದ ಹೆಂಡತಿ, ಪುಟ್ಟ ಮಗಳು ಇಬ್ಬರೂ ಆಸ್ಟಿನ್‌ನಲ್ಲೇ, ಅವಳ ತವರಿನಲ್ಲಿ.

ಆ ವರ್ಷದ ಕ್ರಿಸ್‌ಮಸ್‌ಗೆ ಅಥೋಲ್ ಏನು ಮಾಡಿದಳು ಗೊತ್ತಾ? ಕೈಯಲ್ಲೇ ಲೇಸ್ ಹೆಣೆದು ಒಂದು ಕರವಸ್ತ್ರ ಮಾಡಿದಳು. ಅದನ್ನು 25 ಡಾಲರ್‌ಗೆ ಮಾರಿದಳು. ಆ ದುಡ್ಡಿನಲ್ಲಿ ಗಂಡನಿಗೆ ಒಂದು ಕ್ರಿಸ್‌ಮಸ್ ಪೆಟ್ಟಿಗೆ ಕಳಿಸಿದಳು. ಪೆಟ್ಟಿಗೆ ಕಟ್ಟುವಾಗ ಅವಳಿಗೆ 105 ಡಿಗ್ರಿ ಜ್ವರ ಇತ್ತು. 1897ರ ಆರಂಭದಲ್ಲಿ ಆತ ಜೈಲು ಆಗುತ್ತೆ ಅಂತ ಗೊತ್ತಿದ್ದೂ ವಾಪಸ್ ಬಂದ. ಆ ಜುಲೈ 25ರಂದು ಅಥೋಲ್ ಹೋದಳು.

ಈಗ ಹೇಳಿ. ಇದ್ದದ್ದನ್ನು ಮಾರಿ ಗಂಡನಿಗೆ ಕ್ರಿಸ್‌ಮಸ್ ಉಡುಗೊರೆ ತರುವ ಹೆಂಡತಿ. ಇದು ಗಾಳಿಯಿಂದ ಬಂತಾ?

ಅರ್ಧ_ಕಪ್_ಕಾಫಿ:
ಅಯ್ಯೋ. ಕಥೆ ಎಷ್ಟು ಸಲ ಓದಿದ್ದೆ, ಇದು ಗೊತ್ತೇ ಇರಲಿಲ್ಲ.

ಪುಸ್ತಕದ_ಹುಳ:
ಇದು ಇರೋದು ಸಿ. ಆಲ್ಫಾನ್ಸೊ ಸ್ಮಿತ್ 1916ರಲ್ಲಿ ಬರೆದ ಜೀವನಚರಿತ್ರೆಯಲ್ಲಿ. ಸ್ಮಿತ್ ಆತನ ಬಾಲ್ಯದ ಗೆಳೆಯ. ಅಥೋಲ್‌ಳ ಮನೆಯವರ ಮಾತು ಕೇಳಿ ಬರೆದದ್ದು. ಮುಂಗಾರು ಅವರು ಒಂದು ಮುಖ್ಯ ವಿಷಯ ಬಿಟ್ಟಿದ್ದಾರೆ. ಆ ಪೆಟ್ಟಿಗೆ ಕಟ್ಟಿದವಳಿಗೆ ಅಷ್ಟು ಜ್ವರ ಇತ್ತು ಅನ್ನೋದು ಗಂಡನಿಗೆ ಗೊತ್ತಾದದ್ದು ಒಂದು ತಿಂಗಳ ಮೇಲೆ.

ಇನ್ನೊಂದು. ಪೆಟ್ಟಿಗೆಯಲ್ಲಿ ಸೆಂಟು, ತಿಂಡಿ ಜೊತೆಗೆ ಅವನ ಓವರ್‌ಕೋಟ್ ಇತ್ತು. ಕಥೆಯಲ್ಲಿ ಜಿಮ್ ಬಾಗಿಲು ತೆಗೆದು ಒಳಗೆ ಬರುವ ಜಾಗ ನೋಡಿ. ಪಾಪ, 22 ವರ್ಷಕ್ಕೇ ಸಂಸಾರದ ಭಾರ, ಹೊಸ ಓವರ್‌ಕೋಟ್ ಬೇಕಿತ್ತು, ಕೈಗವಸೂ ಇರಲಿಲ್ಲ ಅಂತ ಬರೆದಿದ್ದಾನೆ.

ಸಿಡಿಮಿಡಿ:
ಶುರುವಾಯ್ತು. ಲೇಖಕನ ಜೀವನದಲ್ಲಿ ಒಂದು ಕೋಟು, ಕಥೆಯಲ್ಲಿ ಒಂದು ಕೋಟು, ತಗೊಳ್ಳಿ ಸಂಶೋಧನೆ. ಡಿಸೆಂಬರ್‌ನ ನ್ಯೂಯಾರ್ಕ್‌ನಲ್ಲಿ ಬಡವನಿಗೆ ಓವರ್‌ಕೋಟ್ ಬೇಕಿತ್ತು ಅಂತ ಬರೆಯೋಕೆ ಸತ್ತ ಹೆಂಡತಿ ನೆನಪಾಗಬೇಕಾ?

ಆತ ಪಕ್ಕಾ ವೃತ್ತಿಪರ. ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಭಾನುವಾರದ ಸಂಚಿಕೆಗೆ ವಾರಕ್ಕೊಂದು ಕಥೆ ಕೊಡಬೇಕಿತ್ತು, ಕಥೆಗೆ 100 ಡಾಲರ್. ಡಿಸೆಂಬರ್ ಬಂತು, ಕ್ರಿಸ್‌ಮಸ್ ಕಥೆ ಬೇಕು ಅಂದರು, ಕೊಟ್ಟ. ಚಿತ್ರ ಬರೆಯೋ ಡ್ಯಾನ್ ಸ್ಮಿತ್ ಬಂದು ‘ಕಥೆ ಎಲ್ಲಿ, ನಾನು ಚಿತ್ರ ಬಿಡಿಸಬೇಕು’ ಅಂದಾಗ ಒಂದು ಸಾಲೂ ಬರೆದಿರಲಿಲ್ಲವಂತೆ. ‘ಬಡ ರೂಮು ಬರಿ, ಒಬ್ಬ ಗಂಡು, ಒಬ್ಬ ಹೆಣ್ಣು, ಅವಳಿಗೆ ಉದ್ದ ಕೂದಲಿರಲಿ, ಅವನ ಕೈಯಲ್ಲಿ ಗಡಿಯಾರದ ಸರಪಳಿ ಇರಲಿ, ಉಳಿದದ್ದು ಆಮೇಲೆ ನೋಡೋಣ’ ಅಂದನಂತೆ. ಇಲ್ಲಿ ಎಲ್ಲಿದೆ ಅಥೋಲ್?

ನೇಸರ:
ಸಿಡಿಮಿಡಿ ಅವರೇ, ನಿಮ್ಮ ಉದಾಹರಣೆ ನಿಮಗೇ ಉಲ್ಟಾ ಹೊಡೀತಿದೆ. ಒಂದು ಸಾಲೂ ಬರೆಯದವನಿಗೆ ಆ ರೂಮು, ಆ ಕೂದಲು, ಆ ಸರಪಳಿ ಆಗಲೇ ಕಣ್ಣ ಮುಂದೆ ಇತ್ತು ಅಂತಾಯ್ತಲ್ಲ!

ಸಿಡಿಮಿಡಿ:
ಕಣ್ಣ ಮುಂದೆ ಇದ್ದದ್ದು ಬಾಡಿಗೆ ರೂಮು ಮೇಡಂ. ಆತ ಇದ್ದದ್ದೂ ಅಂಥದ್ದರಲ್ಲೇ.

ಅಲೆಮಾರಿ_ಅಣ್ಣ:
ಆ ಬಾರಿಗೆ ನಾನು ಹೋಗಿದ್ದೇನೆ. ಮ್ಯಾನ್‌ಹ್ಯಾಟನ್‌ನಲ್ಲಿ ಇರ್ವಿಂಗ್ ಪ್ಲೇಸ್ ಮೂಲೆಯಲ್ಲಿದೆ, ಈಗ ಪೀಟ್ಸ್ ಟ್ಯಾವರ್ನ್ ಅಂತ ಹೆಸರು. ಆತನ ಕಾಲದಲ್ಲಿ ಹೀಲೀಸ್ ಅನ್ನುತ್ತಿದ್ದರು. ಬಾಗಿಲ ಪಕ್ಕದ ಬೆಂಚು ತೋರಿಸಿ ‘ಇಲ್ಲೇ ಕೂತು ಬರೆದ’ ಅಂತಾರೆ. ಮರದ ಬೆಂಚು, ಗೋಡೆ ತುಂಬ ಫ್ರೇಮು. ನಾನು ಅಲ್ಲಿ ಕೂರೋಕೆ ಜಾಗ ಸಿಗದೆ ನಿಂತೇ ಬಿಯರ್ ಕುಡಿದು ಬಂದೆ.

ಮಜಾ ಏನಂದರೆ ಆತನ ರೂಮು ಅದೇ ರಸ್ತೆಯಲ್ಲಿ, 55ನೇ ನಂಬರ್. ರೂಮಿನಲ್ಲೇ ಬರೆದ ಅನ್ನೋ ಸ್ನೇಹಿತರೂ ಇದ್ದಾರೆ. ಎರಡೂ ನಿಜ ಆಗೋಕೆ ಸಾಧ್ಯ ಇಲ್ಲ. ಬಾರಿನವರಿಗೆ ಮಾತ್ರ ವ್ಯಾಪಾರ ಚೆನ್ನಾಗಿದೆ.

ಹಳೇ_ಪೇಪರ್:
ಪತ್ರಿಕೆ ಕಡೆಯಿಂದ ಒಂದು ಮಾತು. ಕಥೆ ಅಚ್ಚಾದದ್ದು 1905ರ ಡಿಸೆಂಬರ್ 10ರ ಭಾನುವಾರ. ಹಬ್ಬಕ್ಕೆ ಎರಡು ವಾರ ಇತ್ತು. ಕ್ರಿಸ್‌ಮಸ್ ರಾತ್ರಿ ಕೊನೇ ಗಳಿಗೆಯಲ್ಲಿ ಬರೆದ ಅಂತ ಕೆಲವರು ಹೇಳೋದು ಬರೀ ಬೊಗಳೆ. ಗಡುವು ಇದ್ದಿದ್ದು ನಿಜ, ಆತ ಪ್ರತಿ ವಾರ ಗಡುವು ದಾಟುತ್ತಿದ್ದದ್ದೂ ನಿಜ. ಆದರೆ ‘ಗಂಟೆಯೊಳಗೆ ಬರೆದ’ ಕಥೆಗಳೆಲ್ಲ ಪ್ರಚಾರಕ್ಕೆ ಬಂದದ್ದು ಆತ ಸತ್ತು ಎಷ್ಟೋ ವರ್ಷ ಆದ ಮೇಲೆ, ಗೆಳೆಯರು ನೆನಪು ಬರೆಯೋಕೆ ಕೂತಾಗ. ಸತ್ತವನ ಗೆಳೆಯರಾಗಿದ್ದವರೆಲ್ಲ ಆ ರಾತ್ರಿ ಅದೇ ರೂಮಿನಲ್ಲಿದ್ದರು ಅನ್ನೋ ಥರ ಬರೆದಿದ್ದಾರೆ.

ಲೆಕ್ಕದ_ಮೇಷ್ಟ್ರು:
ಕಥೆಯ ಮೊದಲ ಸಾಲಿನ ಬಗ್ಗೆ ಯಾರೂ ಮಾತಾಡ್ತಿಲ್ಲ. ಡೆಲ್ಲಾ ಹತ್ತಿರ ಇದ್ದದ್ದು 1 ಡಾಲರ್ 87 ಸೆಂಟ್. ಅದರಲ್ಲಿ 60 ಸೆಂಟ್ ಪೆನ್ನಿಗಳಲ್ಲಿತ್ತು, ಅಂದರೆ ಒಂದೊಂದು ಸೆಂಟಿನ ನಾಣ್ಯದಲ್ಲಿ, ಅಂತಾನೆ. ಸರಿ, ಉಳಿದದ್ದು 1 ಡಾಲರ್ 27 ಸೆಂಟ್. ಅದು ಪೆನ್ನಿ ಇಲ್ಲದೆ ಹೇಗೆ ಬರುತ್ತೆ? 5, 10, 25, 50ರ ನಾಣ್ಯ ಎಷ್ಟು ಸೇರಿಸಿದರೂ ಕೊನೆಯ 2 ಸೆಂಟ್ ಕೂಡಲ್ಲ. ಅಥೋಲ್ ಗೀಥೋಲ್ ಆಮೇಲೆ, ಆತ ಆತುರದಲ್ಲಿ ಬರೆದಿದ್ದ ಅನ್ನೋಕೆ ಇದೇ ಸಾಕ್ಷಿ. ಬ್ಯಾಂಕಿನಲ್ಲಿ ಯಾಕೆ ದುಡ್ಡು ಕಡಿಮೆ ಬಂತು ಅಂತಲೂ ಗೊತ್ತಾಗುತ್ತೆ.

ಅರ್ಧ_ಕಪ್_ಕಾಫಿ:
ಮೇಷ್ಟ್ರೇ 😂 ಕೊನೆ ಸಾಲು!

ಪುಸ್ತಕದ_ಹುಳ:
ಮೇಷ್ಟ್ರೇ, ಮೊಸರಲ್ಲಿ ಕಲ್ಲು ಹುಡುಕೋದಾದರೆ ಸರಿಯಾಗಿ ಹುಡುಕಿ. ಅಮೆರಿಕದಲ್ಲಿ 1873ರವರೆಗೆ 2 ಸೆಂಟಿನ ನಾಣ್ಯ ಟಂಕಿಸುತ್ತಿದ್ದರು, 1889ರವರೆಗೆ 3 ಸೆಂಟಿನದ್ದೂ ಇತ್ತು. 1905ರಲ್ಲಿ ಯಾರ ಡಬ್ಬದಲ್ಲೋ ಒಂದು ಹಳೇ 2 ಸೆಂಟ್ ಉಳಿದಿದ್ದರೆ ಲೆಕ್ಕ ಸರಿಹೋಯ್ತು. ದಿನಸಿಯವನು, ತರಕಾರಿಯವನು, ಮಾಂಸದವನು, ಎಲ್ಲರ ಹತ್ತಿರ ಚೌಕಾಸಿ ಮಾಡಿ ಒಂದೊಂದೇ ಸೆಂಟ್ ಉಳಿಸಿದವಳು ಅವಳು. ಅಂಥವಳ ಡಬ್ಬದಲ್ಲಿ ಹಳೇ ಬಿಲ್ಲೆ ಇರೋದರಲ್ಲಿ ಆಶ್ಚರ್ಯ ಏನು?

ಲೆಕ್ಕದ_ಮೇಷ್ಟ್ರು:
ಆದರೆ ಮುಂದಿನ ಲೆಕ್ಕ ಸರಿಯಾಗಿದೆ, ಅದನ್ನು ಒಪ್ಪುತ್ತೇನೆ. ಕೂದಲಿಗೆ 20 ಡಾಲರ್ ಬಂತು. ಸರಪಳಿಗೆ 21. ಕೈಯಲ್ಲಿ 87 ಸೆಂಟ್ ಹಿಡಿದು ಮನೆಗೆ ಓಡಿದಳು ಅಂತ ಬರೆದಿದ್ದಾನೆ. ಸರಿಯಾಗಿ 87.

ನೇಸರ:
ಆ 20 ಡಾಲರ್ ಅಂದರೆ ಜಿಮ್‌ನ ಪೂರ್ತಿ ಒಂದು ವಾರದ ಸಂಬಳ. ಮುಂಚೆ 30 ಬರ್ತಿತ್ತು, 20ಕ್ಕೆ ಇಳಿದಿತ್ತು. ಅದರಲ್ಲಿ 8 ಡಾಲರ್ ಮನೆ ಬಾಡಿಗೆ. ಪ್ರೇಮಕಥೆ ಅಂತ ಎಲ್ಲರೂ ಹೇಳ್ತೀವಿ, ಮೊದಲೆರಡು ಪುಟ ಪೂರ್ತಿ ಸಂಬಳ ಬಾಡಿಗೆ ಲೆಕ್ಕವೇ ಇದೆ. ನನಗೆ ಇಷ್ಟ ಆಗೋದೂ ಅದೇ. ಈಗಿನ ಕ್ರಿಸ್‌ಮಸ್ ರೊಮ್ಯಾನ್ಸ್‌ಗಳಲ್ಲಿ ಹಿಮ ಇರುತ್ತೆ, ಬೇಕರಿ ಇರುತ್ತೆ, ದುಡ್ಡಿನ ಚಿಂತೆ ಮಾತ್ರ ಯಾರಿಗೂ ಇರಲ್ಲ.

ಸಿಡಿಮಿಡಿ:
ಡೆಲ್ಲಾ ತ್ಯಾಗ ತ್ಯಾಗ ಅಂತೀರಲ್ಲ, ಕೂದಲು ಮತ್ತೆ ಬೆಳೆಯುತ್ತೆ. ಅಜ್ಜನ ಕಾಲದಿಂದ ಬಂದ ಗಡಿಯಾರ ಹೋದದ್ದು ಹೋದದ್ದೇ. ನಷ್ಟ ಆದದ್ದು ಜಿಮ್‌ಗೆ.

ನೇಸರ:
ಆಗಿನ ಫೋಟೋ ನೋಡಿದ್ದೀರಾ? ಕೂದಲು ಮೇಲಕ್ಕೆ ಎತ್ತಿ ಗುಡ್ಡದ ಹಾಗೆ ಕಟ್ಟುತ್ತಿದ್ದ ಕಾಲ ಅದು. ಸಾಲದಿದ್ದರೆ ಒಳಗೆ ಬೇರೆಯವರ ಕೂದಲಿನ ಸುರುಳಿ ತುರುಕುತ್ತಿದ್ದರು, ಅದಕ್ಕೇ ಕೂದಲು ಕೊಳ್ಳುವ ಅಂಗಡಿ ಇದ್ದದ್ದು. ಅಂಥ ಊರಿನಲ್ಲಿ ಕತ್ತರಿಸಿದ ತಲೆ ಹೊತ್ತು ಬೀದಿಗೆ ಇಳಿಯಬೇಕು. ಜಿಮ್ ಗಡಿಯಾರ ಇಲ್ಲ ಅಂತ ಯಾರಿಗೆ ಗೊತ್ತಾಗುತ್ತೆ? ಹಳೇ ಚರ್ಮದ ಪಟ್ಟಿ ನಾಚಿಕೆಗೆ ಅವನು ಮೊದಲಿಂದಲೂ ಕದ್ದೇ ನೋಡ್ತಿದ್ದ.

ಅಲೆಮಾರಿ_ಅಣ್ಣ:
ನೇಸರ ಅವರಿಗೆ ನನ್ನ ಓಟು.

ಸಿಡಿಮಿಡಿ:
ಓಟು ಯಾರು ಕೇಳಿದ್ರು ಅಣ್ಣ?

ಕಥೆ_ಬರೆಯೋಳು:
ಸ್ವಲ್ಪ ದಿನದಿಂದ ಸುಮ್ನೆ ಓದ್ತಿದ್ದೆ, ಈಗ ಬಾಯಿ ಹಾಕ್ತೀನಿ. ನಾನೂ ವಿಶೇಷಾಂಕಗಳಿಗೆ ಕಥೆ ಬರೆದವಳು. ನೀವು ‘ಗಡುವು’, ‘ನೆನಪು’ ಅಂತ ಎರಡು ಪಾರ್ಟಿ ಮಾಡಿಕೊಂಡು ಜಗಳ ಆಡೋದು ನನಗೆ ವಿಚಿತ್ರ ಅನ್ನಿಸುತ್ತೆ. ಟೈಮ್ ಇದ್ದರೆ ಹೊಸದೇನೋ ಹುಡುಕ್ತೀವಿ, ಓದ್ತೀವಿ, ತಿದ್ದುತೀವಿ. ಟೈಮ್ ಇಲ್ಲದಾಗ ಎಷ್ಟೋ ವರ್ಷದಿಂದ ಒಳಗೆ ಬಿದ್ದಿರೋದನ್ನೇ ಎಳೆದುಕೊಳ್ತೀವಿ. ಅದು ಎಲ್ಲಿಂದ ಬಂತು ಅಂತ ಬರೆಯುವಾಗ ನಮಗೂ ಗೊತ್ತಿರಲ್ಲ.

ಕೋಟಿನ ವಿಷಯಕ್ಕೆ ಬರ್ತೀನಿ. ನೀವೆಲ್ಲ ಕೋಟು ಇತ್ತು, ಕೋಟು ಬೇಕಿತ್ತು ಅಂತ ಹೊಂದಿಸ್ತಿದ್ದೀರಿ. ಅವಳು ಆ ಕೋಟು ಕಳಿಸಿದ್ದು ಎಲ್ಲಿಗೆ? ಹೊಂಡುರಾಸ್‌ಗೆ! ಆತ ಇದ್ದದ್ದು ಕರಾವಳಿಯ ಟ್ರುಹಿಯೊ, ಬೆವರು ಸುರಿಸೋ ಊರು. ಅಲ್ಲಿ ಓವರ್‌ಕೋಟ್ ಯಾರಿಗೆ ಬೇಕು? ಅಷ್ಟು ಕಷ್ಟಪಟ್ಟು, ಜ್ವರದಲ್ಲಿ ಕೂತು ಪೆಟ್ಟಿಗೆ ಕಟ್ಟಿ ಕಳಿಸಿದ ವಸ್ತು, ತಲುಪಿದ ಊರಿನಲ್ಲಿ ಕೆಲಸಕ್ಕೆ ಬರಲ್ಲ. ಈಗ ಕಥೆ ನೋಡಿ. ಕೂದಲಿಲ್ಲದವಳ ಕೈಯಲ್ಲಿ ಬಾಚಣಿಗೆ, ಗಡಿಯಾರ ಇಲ್ಲದವನ ಕೈಯಲ್ಲಿ ಸರಪಳಿ. ಹೆಂಡತಿ ಏನೋ ಮಾರಿದಳು ಅನ್ನೋ ಹೋಲಿಕೆಗಿಂತ ನನಗೆ ಇದು ದೊಡ್ಡದಾಗಿ ಕಾಣುತ್ತೆ.

ಮುಂಗಾರು_ಮೋಡ:
ಕೋಟು ಯಾವ ಊರಿಗೆ ಹೋಯಿತು ಅಂತ ನಾನು ಯೋಚಿಸಿಯೇ ಇರಲಿಲ್ಲ.

ಪುಸ್ತಕದ_ಹುಳ:
ಚಂದ ಹೇಳಿದಿರಿ ಮೇಡಂ. ಆದರೆ ಅವನು ಚಳಿಗೆ ವಾಪಸ್ ಬರ್ತಾನೆ ಅನ್ನೋ ಆಸೆಯಿಂದಲೂ ಕಳಿಸಿರಬಹುದಲ್ವಾ?

ಕಥೆ_ಬರೆಯೋಳು:
ಇರಬಹುದು. ಬಾಚಣಿಗೆಯೂ ಹಾಗೇ ತಾನೆ? ಡೆಲ್ಲಾ ಜಿಮ್‌ಗೆ ಹೇಳೋದು ‘ನನ್ನ ಕೂದಲು ಬೇಗ ಬೆಳೆಯುತ್ತೆ’ ಅಂತಲೇ.

ಸಿಡಿಮಿಡಿ:
ಇದು ಕೇಳೋಕೆ ಚೆನ್ನಾಗಿದೆ. ಆದರೂ ಸಾಬೀತು ಆಗಲ್ಲ. ಆತ ಯಾರಿಗೂ ಹೀಗಂತ ಬರೆದು ಹೇಳಿಲ್ಲ.

ಹಳೇ_ಪೇಪರ್:
ಹೇಗೆ ಹೇಳ್ತಾನೆ? ಅಥೋಲ್ ವಿಷಯ ತೆಗೆದರೆ ಹೊಂಡುರಾಸ್ ಬರುತ್ತೆ, ಹೊಂಡುರಾಸ್ ಬಂದರೆ ಜೈಲು ಬರುತ್ತೆ. 854 ಡಾಲರ್ ಚಿಲ್ಲರೆ ದುರುಪಯೋಗ ಅಂತ 1898ರಲ್ಲಿ ಐದು ವರ್ಷ ಶಿಕ್ಷೆ. ಒಹಾಯೊದ ಕೊಲಂಬಸ್ ಜೈಲಿನಲ್ಲಿ ಮೂರು ವರ್ಷ ಚಿಲ್ಲರೆ ಇದ್ದ, ಒಳ್ಳೇ ನಡತೆಗೆ 1901ರ ಜುಲೈನಲ್ಲಿ ಬಿಟ್ಟರು. ಔಷಧಿ ಅಂಗಡಿಯ ಅನುಭವ ಇತ್ತಲ್ಲ, ಜೈಲಾಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಔಷಧಿ ಕೊಡುವ ಕೆಲಸ ಸಿಕ್ಕಿತ್ತು. ಮಗಳಿಗೆ ‘ಅಪ್ಪ ವ್ಯಾಪಾರದ ಕೆಲಸದ ಮೇಲೆ ಹೋಗಿದ್ದಾರೆ’ ಅಂತ ಹೇಳಿದ್ದರು. ನ್ಯೂಯಾರ್ಕ್‌ನಲ್ಲಿ ಹೆಸರು ಬಂದ ಮೇಲೂ ಆತ ಹಿಂದಿನದನ್ನೆಲ್ಲ ಮುಚ್ಚಿಟ್ಟೇ ಬದುಕಿದ. ಸ್ಮಿತ್ ಪುಸ್ತಕ ಬಂದ ಮೇಲೆಯೇ ಓದುಗರಿಗೆ ಜೈಲಿನ ವಿಷಯ ಗೊತ್ತಾದದ್ದು. ‘ಹೇಳಿಲ್ಲ, ಹಾಗಾಗಿ ಇಲ್ಲ’ ಅನ್ನೋ ವಾದ ಈ ಮನುಷ್ಯನ ಮಟ್ಟಿಗೆ ನಡೆಯಲ್ಲ.

ಅರ್ಧ_ಕಪ್_ಕಾಫಿ:
ಜೈಲಿನಲ್ಲೂ ಬರೀತಿದ್ದನಾ?

ಹಳೇ_ಪೇಪರ್:
ಅಲ್ಲೇ ಗಟ್ಟಿಯಾಗಿ ಶುರು ಮಾಡಿದ್ದು. ಹಸ್ತಪ್ರತಿಗಳು ನ್ಯೂ ಆರ್ಲಿಯನ್ಸ್‌ನ ಪರಿಚಯದವರ ಮೂಲಕ ಪತ್ರಿಕೆಗಳಿಗೆ ಹೋಗುತ್ತಿದ್ದವು. ಕಳಿಸಿದವನು ಕೈದಿ ಅಂತ ಸಂಪಾದಕರಿಗೆ ಗೊತ್ತಾಗಬಾರದಲ್ಲ. 1899ರ ಡಿಸೆಂಬರ್‌ನಲ್ಲಿ ‘ಮೆಕ್‌ಕ್ಲೂರ್ಸ್’ ಪತ್ರಿಕೆಯಲ್ಲಿ ಬಂದ ‘ವಿಸ್ಲಿಂಗ್ ಡಿಕ್ಸ್ ಕ್ರಿಸ್‌ಮಸ್ ಸ್ಟಾಕಿಂಗ್’ ಅಂಥದ್ದೇ. ಅದೂ ಕ್ರಿಸ್‌ಮಸ್ ಕಥೆ ನೋಡಿ! ಒಬ್ಬ ಅಲೆಮಾರಿ, ಕಳ್ಳರ ಸಂಚು ಗೊತ್ತಾಗಿ ಒಂದು ತೋಟದ ಮನೆಯವರನ್ನು ಕಾಪಾಡ್ತಾನೆ. ಅವರು ಊಟ ಹಾಕಿ, ಮೆತ್ತನೆ ಹಾಸಿಗೆ ಕೊಟ್ಟು, ಇಲ್ಲೇ ಕೆಲಸ ಮಾಡಿಕೊಂಡಿರು ಅಂತಾರೆ. ಬೆಳಗ್ಗೆ ಎದ್ದು ಕಿಟಕಿಯಿಂದ ಪರಾರಿ.

ಅಲೆಮಾರಿ_ಅಣ್ಣ:
ಇವನು ನಮ್ಮವನು.

ಓದಿನ_ಗೀಳು:
ಜೀವನದಿಂದ ಕ್ರಿಸ್‌ಮಸ್ ಕಥೆ ಬಂತು ಅಂದರೆ ಡಿಕನ್ಸ್ ಹೆಸರು ಬರಬೇಕಲ್ವಾ? 12 ವರ್ಷಕ್ಕೆ ಬೂಟ್ ಪಾಲಿಷ್ ಕಾರ್ಖಾನೆಗೆ ಹೋದ, ಅಪ್ಪ ಸಾಲಕ್ಕೆ ಮಾರ್ಷಲ್‌ಸೀ ಜೈಲಿನಲ್ಲಿ. ‘ಎ ಕ್ರಿಸ್‌ಮಸ್ ಕ್ಯಾರಲ್’ ಬರೆದದ್ದು ಸುಮಾರು ಆರು ವಾರದಲ್ಲಿ, ಪುಸ್ತಕ ಬಂದದ್ದು 1843ರ ಡಿಸೆಂಬರ್ 19. ಮೊದಲ 6000 ಪ್ರತಿ ಹಬ್ಬದ ಹೊತ್ತಿಗೆ ಖಾಲಿ.

ಸಿಡಿಮಿಡಿ:
ಅದು ಪ್ರೇಮಕಥೆ ಅಲ್ಲ.

ಓದಿನ_ಗೀಳು:
ಸ್ಕ್ರೂಜ್‌ನನ್ನು ಬಿಟ್ಟುಹೋದ ಬೆಲ್ ಮರೆತುಹೋಯ್ತಾ? ದುಡ್ಡು ಆರಿಸಿಕೊಂಡು ಹುಡುಗಿ ಕಳಕೊಂಡವನ ಕಥೆಯೂ ಪ್ರೇಮಕಥೆಯೇ.

ಲೆಕ್ಕದ_ಮೇಷ್ಟ್ರು:
ಡಿಕನ್ಸ್‌ಗೆ ಅದರಲ್ಲಿ ಲಾಭ ಬಂದದ್ದು ಅಂದುಕೊಂಡದ್ದಕ್ಕಿಂತ ತುಂಬ ಕಡಿಮೆ. ಬಣ್ಣದ ಚಿತ್ರ, ಚಿನ್ನದ ಅಂಚು ಅಂತ ಖರ್ಚು ಏರಿಸಿ ಬೆಲೆ ಮಾತ್ರ ಐದು ಶಿಲ್ಲಿಂಗ್ ಇಟ್ಟ. ಲೇಖಕರಿಗೆ ಲೆಕ್ಕ ಬರಲ್ಲ ಅಂತ ನಾನು ಆಗಲೇ ಹೇಳಿದೆ.

ನೇಸರ:
ವಿಷಯಕ್ಕೆ ಬನ್ನಿ. ಓ. ಹೆನ್ರಿ ಮತ್ತೆ ಮದುವೆಯಾದನಾ?

ಪುಸ್ತಕದ_ಹುಳ:
ಆದ, 1907ರಲ್ಲಿ. ಬಾಲ್ಯದ ಊರಿನ ಪರಿಚಯದ ಸಾರಾ ಕೋಲ್ಮನ್. ಅವಳೂ ಬರೆಯುತ್ತಿದ್ದಳು. ಆದರೆ ಬಾಳಲಿಲ್ಲ, 1909ರಲ್ಲಿ ಬೇರೆಯಾದರು. ಕುಡಿತ ಜಾಸ್ತಿಯಾಗಿತ್ತು, ಕೈಗೆ ಬಂದ ದುಡ್ಡು ನಿಲ್ಲುತ್ತಿರಲಿಲ್ಲ. ವಾರಕ್ಕೆ 100 ಡಾಲರ್ ದುಡಿಯೋನು, ವಾರಕ್ಕೆ 20 ಡಾಲರ್‌ನ ಜಿಮ್‌ನ ಕಥೆ ಬರೆದವನು, ಮುಂದಿನ ಕಥೆಗೆ ಈಗಲೇ ಅಡ್ವಾನ್ಸ್ ಕೊಡಿ ಅಂತ ಸಂಪಾದಕರಿಗೆ ದುಂಬಾಲು ಬೀಳ್ತಿದ್ದ. 1910ರ ಜೂನ್ 5ರಂದು ತೀರಿಕೊಂಡ, 47 ವರ್ಷಕ್ಕೆ.

ಅಲೆಮಾರಿ_ಅಣ್ಣ:
ಸಮಾಧಿ ಉತ್ತರ ಕೆರೊಲಿನಾದ ಆಶ್‌ವಿಲ್‌ನಲ್ಲಿದೆ. ಓದುಗರು ಬಂದು ಕಲ್ಲಿನ ಮೇಲೆ ಚಿಲ್ಲರೆ ಇಟ್ಟು ಹೋಗ್ತಾರೆ. ಎಷ್ಟು ಅಂತೀರಾ? ಒಂದು ಡಾಲರ್ 87 ಸೆಂಟ್.

ಲೆಕ್ಕದ_ಮೇಷ್ಟ್ರು:
ಅದರಲ್ಲಿ 60 ಪೆನ್ನಿ ಇಡ್ತಾರಾ? ಉಳಿದ 1 ಡಾಲರ್ 27 ಸೆಂಟ್‌ಗೆ ಏನು ಮಾಡ್ತಾರೆ?

ಸಿಡಿಮಿಡಿ:
ಮೇಷ್ಟ್ರೇ ಸಾಕು ಬಿಡಿ 🙏 ಇಲ್ಲಿ ಮಾತ್ರ ನನಗೂ ನೇಸರ ಅವರಿಗೂ ಒಂದೇ ಅಭಿಪ್ರಾಯ.

ಅರ್ಧ_ಕಪ್_ಕಾಫಿ:
ಆ ಜೈಲಿನಿಂದ ಬರೆದ ಕ್ರಿಸ್‌ಮಸ್ ಕಥೆ ಎಲ್ಲಿ ಸಿಗುತ್ತೆ? ಇವತ್ತೇ ಓದಬೇಕು.

ಹಳೇ_ಪೇಪರ್:
1909ರ ‘ರೋಡ್ಸ್ ಆಫ್ ಡೆಸ್ಟಿನಿ’ ಸಂಕಲನದಲ್ಲಿದೆ. ಡೆಲ್ಲಾ ಜಿಮ್ ಕಥೆ 1906ರ ‘ದಿ ಫೋರ್ ಮಿಲಿಯನ್’ನಲ್ಲಿ. ಹಕ್ಕುಸ್ವಾಮ್ಯ ಮುಗಿದು ಎಷ್ಟೋ ಕಾಲ ಆಗಿದೆ, ನೆಟ್‌ನಲ್ಲಿ ಎರಡೂ ಪುಕ್ಕಟೆ ಸಿಗುತ್ತವೆ. ಹೊಂಡುರಾಸ್ ದಿನಗಳಿಂದ ಹುಟ್ಟಿದ್ದು ಬೇಕಾದರೆ 1904ರ ‘ಕ್ಯಾಬೇಜಸ್ ಅಂಡ್ ಕಿಂಗ್ಸ್’ ಓದಿ. ಅದರಲ್ಲಿ ಮಾತ್ರ ಕ್ರಿಸ್‌ಮಸ್ ಹುಡುಕಬೇಡಿ.